ದುಃಖತಪ್ತರ ಸಾಲಿನಲ್ಲಿ ಒಂದು ಹೆಸರು

ಪೇಪರ್ ಸಾಬರು ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದರು. ಮಾವನವರನ್ನು ತಾಳಗುಂದದ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದ ಮಾರನೆಯ ದಿನ ಅದು. ಮನೆ ತುಂಬ ಜನ. ನನಗೆ ಮಾತ್ರ ಗಡಿಯಾರದ ಮೇಲೇ ಕಣ್ಣು. ಒಲೆಯ ಮುಂದೆ ನಿಂತುಕೊಂಡೇ ಹಾಲು ಉಕ್ಕಿಸಿದೆ. ಒರೆಸಿ ಮತ್ತೆ ಇಟ್ಟೆ, ಮತ್ತೆ ಉಕ್ಕಿತು. ಪಕ್ಕದ ಮನೆಯವರು ಅಡುಗೆ ಮಾಡಿ ತಂದುಕೊಟ್ಟಿದ್ದರಿಂದ ಅವತ್ತು ನಾನು ಬೇಯಿಸುವುದು ಹೆಚ್ಚೇನೂ ಇರಲಿಲ್ಲ. ಅದೊಂದು ಶಿವನ ದಯೆ. ಇಲ್ಲದಿದ್ದರೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕುವ ಸ್ಥಿತಿಯಲ್ಲಿದ್ದೆ.

ನನ್ನ ಚಡಪಡಿಕೆ ತಿಳಿಯಬೇಕಾದರೆ ನಮ್ಮ ಪೇಪರಿನ ವಿಷಯ ಹೇಳಬೇಕು. ನಾಲ್ಕೇ ಪುಟದ್ದು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿಗೆ ಹೋಗುತ್ತದೆ. ಮೊದಲ ಪುಟದ ರಸ್ತೆ, ನೀರು, ಸನ್ಮಾನಗಳನ್ನು ಗಂಡಸರು ಓದಿಕೊಳ್ಳಲಿ. ನಾವು ಹೆಂಗಸರು ತಿರುಗಿಸುವುದು ಕೊನೆಯ ಪುಟಕ್ಕೆ. ಯಾರು ಹೋದರು, ಯಾರ ವರ್ಷದ ಸ್ಮರಣೆ, ಯಾರ ಮನೆಯ ಶಿವಗಣಾರಾಧನೆ ಯಾವತ್ತು, ಎಲ್ಲ ಅಲ್ಲಿರುತ್ತದೆ. ಆರಾಧನೆಗೆ ಮನೆಮನೆಗೆ ಹೋಗಿ ಕರೆಯುವ ರೂಢಿ ನಮ್ಮಲ್ಲಿಲ್ಲ. ಮದುವೆಗೆ ಕರೆದಂತೆ ಸಾವಿನ ಊಟಕ್ಕೆ ಕರೆಯಬಾರದಂತೆ. ಪೇಪರಿನಲ್ಲಿ ಬಂದರೆ ಅದೇ ಕರೆ. ಓದಿದವರು ಯಾರಾದರೂ ಬರಬಹುದು, ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವಂತಿಲ್ಲ.

ಸತ್ತವರ ಹೆಸರಿಗಿಂತ ಜನ ಹೆಚ್ಚು ಗಮನವಿಟ್ಟು ಓದುವುದು ಕೆಳಗಡೆ ಸಣ್ಣ ಅಕ್ಷರದಲ್ಲಿ ‘ದುಃಖತಪ್ತರು’ ಎಂದು ಬರುವ ಸಾಲನ್ನು. ಯಾರ ಹೆಸರು ಮೊದಲು ಬಂತು, ಯಾವ ಅಳಿಯನನ್ನು ಬಿಟ್ಟಿದ್ದಾರೆ, ಬೇರೆ ಹೋದ ತಮ್ಮನನ್ನು ಸೇರಿಸಿದ್ದಾರೋ ಇಲ್ಲವೋ. ಹೆಣ್ಣು ಕೊಡುವವರು, ತರುವವರು ಸಹ ಅದನ್ನು ನೋಡಿಯೇ ಮನೆತನ ತಿಳಿದುಕೊಳ್ಳುತ್ತಾರೆ. ಅದಕ್ಕಾಗಿಯೇ ಸಾಬರು ಸಾವಿನ ಸುದ್ದಿಯನ್ನು ಫೋನಿನಲ್ಲಿ ತೆಗೆದುಕೊಳ್ಳುವುದಿಲ್ಲ. ಪತ್ರಿಕೆಯ ಒಡೆಯರೂ ಅವರೇ, ಬರೆಯುವವರೂ ಅವರೇ. ಅವರ ತಂದೆಯ ಕಾಲದಲ್ಲಿ ಅದು ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸಾಗಿತ್ತು. ಯಾರೇ ಹೋಗಲಿ, ಸ್ಕೂಟರ್ ಹತ್ತಿ ಆ ಮನೆಗೆ ಬಂದು, ಕೂತು ಬರೆದುಕೊಂಡು, ಮನೆಯವರನ್ನೆಲ್ಲ ಸೇರಿಸಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ತಕರಾರು ಇದ್ದವರು ಆಗಲೇ ಬಾಯಿ ಬಿಡಬೇಕು. ಅಚ್ಚಾದ ಮೇಲೆ ಯಾರ ಮಾತೂ ನಡೆಯುವುದಿಲ್ಲ.

ಅವತ್ತು ಬೆಳಿಗ್ಗೆ ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಫೋನ್ ಬಂದಿತ್ತು.

“ಅಕ್ಕಾ, ನಾನು ಸೊರಬದಿಂದ ಮಾತಾಡೂದು.”

ಅಷ್ಟೇ ಸಾಕಾಯಿತು. ನಾನು ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದೆ.

ನಮ್ಮ ಮಾವನವರಿಗೆ ಸೊರಬದಲ್ಲಿ ಇನ್ನೊಂದು ಮನೆ ಇತ್ತು. ಭತ್ತದ ವ್ಯಾಪಾರಕ್ಕೆ ಆ ಕಡೆ ಓಡಾಡುತ್ತಿದ್ದ ಕಾಲದಲ್ಲಿ ಆದದ್ದು. ಒಬ್ಬ ಹೆಂಗಸು, ಆಮೇಲೆ ಒಬ್ಬಳು ಮಗಳು. ಈ ಊರಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಇಲ್ಲ. ನಮ್ಮ ಮನೆಯೊಳಗೆ ಮಾತ್ರ ಅದನ್ನು ಯಾರೂ ಬಾಯಲ್ಲಿ ತರುತ್ತಿರಲಿಲ್ಲ. ಮಾವನವರು ಆ ಕಡೆ ಹೊರಟರೆ ಅತ್ತೆ ಕೇಳಿದವರಿಗೆ “ವ್ಯಾಪಾರಕ್ಕೆ ಹೋಗ್ಯಾರೆ” ಎನ್ನುತ್ತಿದ್ದರು. ವ್ಯಾಪಾರ ನಿಂತ ಮೇಲೂ ಅದನ್ನೇ ಹೇಳುತ್ತಿದ್ದರು. ಚಂದ್ರಗುತ್ತಿ ಅಮ್ಮನಿಗೆ ಅವರದೊಂದು ಹರಕೆ ಇತ್ತು. ಅಲ್ಲಿಗೆ ಹೋಗಬೇಕಾದರೆ ಸೊರಬ ದಾಟಬೇಕು. ಸೀರೆ, ಹಣ್ಣುಕಾಯಿ ನನ್ನ ಕೈಗೆ ಕೊಟ್ಟು, “ನೀನೇ ಒಪ್ಪಿಸಿ ಬಾ, ಅಮ್ಮಗೆ ಎಲ್ಲಾ ಗೊತ್ತೈತೆ” ಎಂದು ಕಳಿಸಿದ್ದರು.

ಮಣ್ಣಿನ ದಿನ ಆ ತಾಯಿ, ಮಗಳು ತಾಳಗುಂದಕ್ಕೆ ಬಂದಿದ್ದರು. ಜೋಳದ ಹೊಲದ ಬದುವಿನ ಆಚೆ ಒಂದು ಆಟೊ ನಿಂತಿತ್ತು. ಅದರ ಪಕ್ಕ ಇಬ್ಬರೂ ನಿಂತಿದ್ದರು. ಎಲ್ಲರೂ ನೋಡಿದರು, ನೋಡದವರಂತೆ ಇದ್ದರು. ಅಯ್ಯನವರು ಮಂತ್ರ ಹೇಳಿ ಮುಗಿಸಿ ನಾವು ಒಬ್ಬೊಬ್ಬರೇ ಮಣ್ಣು ಹಾಕುವಾಗ ತಿರುಗಿ ನೋಡಿದೆ. ಹುಡುಗಿ ನಿಂತಲ್ಲೇ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬದುವಿನ ಮೇಲೇ ಹಾಕಿದಳು. ಆಮೇಲೆ ಆಟೊ ಹೋಯಿತು.

“ಹೇಳ್ರಿ,” ಎಂದೆ ಫೋನಿನಲ್ಲಿ.

“ನಿಮಗೆ ತೊಂದ್ರೆ ಕೊಡ್ತಾ ಇದೀನಿ. ನಂಗೆ ಎಂತದೂ ಬೇಡ ಅಕ್ಕಾ. ನನ್ನ ಹೆಸರು ಎಲ್ಲೂ ಬರೂದು ಬೇಡ. ಪೇಪರಲ್ಲಿ ಹಾಕ್ಸ್ತೀರಲ್ಲ, ಅದರಲ್ಲಿ ಹುಡುಗಿದೊಂದು ಹೆಸರು ಹಾಕ್ಸಿ.”

ನಾನು ಹಿತ್ತಲ ಬಾಗಿಲು ಎಳೆದುಕೊಂಡೆ. ಆಕೆಯೇ ಮುಂದುವರಿಸಿದರು.

“ಆನವಟ್ಟಿ ಕಡೆಯಿಂದ ಒಂದು ಸಂಬಂಧ ಬಂದದೆ. ಹುಡುಗ ಒಳ್ಳೆಯವ, ಇವಳು ಕಲಿಸೂ ಶಾಲೆಯಲ್ಲೇ ಮೇಷ್ಟ್ರು. ಅವನ ದೊಡ್ಡಪ್ಪ ಒಬ್ರು ಹೇಳಿ ಕಳಿಸಿದಾರೆ. ತಂದೆ ಯಾರು ಅಂತ ನಾವು ಕೇಳಿ ತಿಳ್ಕೊಂಡಿದ್ದು ಸಾಲೂದಿಲ್ಲ, ತಂದೆ ಮನೆಯವ್ರು ಹೌದು ಅನ್ಬೇಕು ಅಂತ. ನಿಮ್ಮ ಮಾವನವ್ರು, ಹುಷಾರಾದ ಮೇಲೆ ನಾನೇ ಕರ್ಕೊಂಡು ಹೋಗಿ ಮಾತಾಡ್ಸ್ತೀನಿ ಅಂದಿದ್ರು. ಈಗ ಎಂತ ಮಾಡೂದು? ಆನವಟ್ಟಿಗೂ ಅದೇ ಪೇಪರ್ ಬರ್ತದೆ.”

“ನಾನು ಸೊಸೆ ರೀ. ನನ್ನ ಮಾತು ಇಲ್ಲಿ ಎಷ್ಟು ನಡೀತೈತೆ?”

“ನಿಮ್ಮ ನಂಬರ್ ಅವ್ರೇ ಕೊಟ್ಟಿದ್ದು. ನಂಗೆ ಏನಾದ್ರೂ ಆದ್ರೆ ದೊಡ್ಡ ಸೊಸೆಗೆ ಫೋನ್ ಮಾಡು ಅಂದಿದ್ರು.”

ಮಾವನವರು ನನ್ನ ಹತ್ತಿರ ಮಾತಾಡುತ್ತಿದ್ದುದೇ ಕಡಿಮೆ. ಊಟಕ್ಕಾಯಿತೇ, ಮಾತ್ರೆ ಎಲ್ಲಿ, ಅಷ್ಟೇ. ನನ್ನ ನಂಬರನ್ನು ಹೀಗೊಂದು ಕಡೆ ಕೊಟ್ಟಿಟ್ಟಿದ್ದಾರೆ ಎಂದು ಒಂದು ಮಾತು ಹೇಳಿರಲಿಲ್ಲ. ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ನೋಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ನೋಡುವುದು ಏನನ್ನು ಎಂದು ನನಗೇ ಗೊತ್ತಿರಲಿಲ್ಲ.

ನನ್ನ ಮನೆಯವರಿಗೆ ಹೇಳಿದೆ. ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು.

“ಅವ್ವನ ಮುಂದೆ ಆ ಊರಿನ ಹೆಸ್ರು ತೆಗ್ಯಾಕೆ ನನ್ನ ಕೈಲಿ ಆಗಾದಿಲ್ಲ. ನೀನೂ ತೆಗೀಬ್ಯಾಡ.”

“ಹುಡುಗಿ ನಿಮ್ಮ ತಂಗಿ.”

“ಅದು ನಂಗೆ ಗೊತ್ತಿಲ್ಲೇನೆ?”

ನಾನು ಸ್ನಾನ ಮಾಡಿ ಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಎಂಥ ದಿನವೂ ಒಂದು ಗಳಿಗೆ ಮನಸ್ಸು ನಿಲ್ಲುತ್ತದೆ. ಅವತ್ತು ನಿಲ್ಲಲಿಲ್ಲ. ವಿಭೂತಿ ಹಚ್ಚಿಕೊಂಡೆನೋ ಇಲ್ಲವೋ ಎಂದು ಎರಡು ಸಲ ಹಣೆ ಮುಟ್ಟಿ ನೋಡಿಕೊಂಡೆ. ಶಿವನೇ, ಸಾಬರ ಸ್ಕೂಟರ್ ಇವತ್ತು ಚಾಲೂ ಆಗದಿರಲಿ ಎಂದು ಬೇಡಿದೆ. ಬೇಡಿದ್ದು ತಪ್ಪು ಎಂದು ಆ ಕ್ಷಣವೇ ಅನಿಸಿತು. ಒಂದು ದಿನ ತಡವಾದರೆ ನನಗೆ ಧೈರ್ಯ ಬರುತ್ತದೆ ಎಂದೇನೂ ಇರಲಿಲ್ಲ.

ಸಾಬರು ಹೇಳಿದ ಹೊತ್ತಿಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಹಜಾರದಲ್ಲಿ ಕೂತರು. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಿದ್ದರು. ಪೇಟ ಸುತ್ತಿದ ಮಾವನವರ ಫೋಟೊವನ್ನು ಮೈದುನ ಕೊಟ್ಟ. ಹೊಲ, ಮನೆ, ಕಾಗದಪತ್ರ ಎಲ್ಲ ನೋಡಿಕೊಳ್ಳುವವನು ಅವನೇ. ದಾವಣಗೆರೆಗೆ ಕೊಟ್ಟ ನನ್ನ ನಾದಿನಿ ಅತ್ತೆಯ ಮಗ್ಗುಲಲ್ಲಿದ್ದಳು. ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತೆ.

ಸಾಬರು ಕೇಳಿ ಕೇಳಿ ಬರೆದುಕೊಂಡರು. ಬರೆದಾದ ಮೇಲೆ ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಶಿಕಾರಿಪುರದ ಹಿರಿಯ ವರ್ತಕರು, ತಾಳಗುಂದದ ಕೃಷಿಕರು, ಶಿವೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ. ನಮ್ಮವರ ಸಾವಿನ ಮಾತುಗಳು ಅವರ ಬಾಯಲ್ಲಿ ನೀರು ಹರಿದಂತೆ ಬರುತ್ತವೆ. ಆರಾಧನೆಯ ದಿನ, ಸ್ಥಳ. ಆಮೇಲೆ ದುಃಖತಪ್ತರು. ಧರ್ಮಪತ್ನಿ ಎಂದು ಅತ್ತೆಯ ಹೆಸರು ಓದಿದರು. ಮಕ್ಕಳು ಎಂದು ಮೂರು ಹೆಸರು ಓದಿ ನಿಲ್ಲಿಸಿದರು.

“ಇಬ್ರು ಗಂಡು, ಒಬ್ರು ಹೆಣ್ಣು. ಅಷ್ಟೇ ಅಲ್ರಾ?”

ಅದು ಅವರು ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆ. ಆದರೆ ಕೇಳುವಾಗ ಜನರ ಮುಖ ನೋಡುತ್ತಾರೆ. ಅವತ್ತು ಪೆನ್ನಿನ ತುದಿ ನೋಡುತ್ತಿದ್ದರು.

ಮೈದುನ ತಲೆಯಾಡಿಸಿದ. ಈಗ ಬಿಟ್ಟರೆ ಹೋಯಿತು ಎಂದುಕೊಂಡೆ. ಬಾಗಿಲು ದಾಟಿ ಒಂದು ಹೆಜ್ಜೆ ಮುಂದೆ ಬಂದೆ.

“ಸೊರಬದಿಂದ ಫೋನ್ ಬಂದಿತ್ತು.”

ಮೈದುನ ತಿರುಗಿದ. “ಯಾರಿಗೆ?”

“ನಂಗೆ.”

“ನಿಮಗ್ಯಾಕೆ ಬರ್ಬೇಕು ಅತ್ತಿಗೆ? ಏನಂತೆ?”

“ಹುಡುಗಿ ಹೆಸ್ರು ಹಾಕ್ರಿ ಅಂತ. ಬೇರೆ ಏನೂ ಕೇಳಲಿಲ್ಲ. ಅವಳಿಗೆ ಸಂಬಂಧ ಬಂದೈತಂತೆ. ಈ ಮನೆಯವ್ರು ಹೌದು ಅಂದ್ರೆ ಮಾತ್ರ ಮುಂದಕ್ಕೆ ಹೋಗ್ತೈತಂತೆ.”

“ಬೇರೆ ಏನೂ ಕೇಳಲಿಲ್ಲ ಅಂತ ನೀವು ನಂಬಿದ್ರಾ? ಪೇಪರ್‌ನಾಗೆ ಒಂದು ಸಲ ಬಂತು ಅಂದ್ರೆ ನಾಳೆ ವಂಶವೃಕ್ಷಕ್ಕೆ ಅದನ್ನೇ ಹಿಡ್ಕಂಡು ನಾಡಕಚೇರಿಗೆ ಬರ್ತಾರೆ. ಅಪ್ಪನ ಹೊಲ ನಮ್ಮ ಹೆಸ್ರಿಗೆ ಪೌತಿ ಖಾತೆ ಆಗಾತನಕ ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ವಕೀಲ್ರು ಹೇಳ್ಯಾರೆ.”

“ಅಪ್ಪನ್ನ ಮಣ್ಣು ಮಾಡಿ ಇನ್ನಾ ಕೈ ತೊಳ್ಕಂಡಿಲ್ಲ,” ನನ್ನ ಮನೆಯವರು ಜಗಲಿಯಿಂದಲೇ ಹೇಳಿದರು. “ವಕೀಲ್ರ ಹತ್ರ ಯಾವಾಗ ಹೋಗಿದ್ಯೋ?”

“ನೀನು ಸುಮ್ನಿರಣ್ಣ. ನೀನು ಯಾವತ್ತು ಕಚೇರಿ ಮೆಟ್ಟಿಲು ಹತ್ತೀಯ?”

ಸಾಬರು ಕೆಮ್ಮಿದರು. ಇಂಥ ಮನೆಗಳನ್ನು ಅವರು ಎಷ್ಟು ಕಂಡಿದ್ದಾರೋ. “ಒಂದು ಮಾತು ಹೇಳ್ಲಾ? ಕೆಲವ್ರು ಕೊನೀಗೆ ‘ಹಾಗೂ ಬಂಧು ಬಳಗ’ ಅಂತ ಹಾಕಿಸ್ತಾರೆ. ಅದ್ರಾಗೆ ಎಲ್ಲಾರೂ ಬರ್ತಾರೆ.”

“ಹಂಗೆ ಹಾಕ್ರಿ. ಮುಗೀತು,” ಎಂದ ಮೈದುನ.

ನಾನು ಅತ್ತೆಯ ಮುಖ ನೋಡಲಾರದೆ ಅವರ ಕಾಲು ನೋಡುತ್ತಿದ್ದೆ. ಹೆಬ್ಬೆರಳು ಚಾಪೆಯ ಅಂಚನ್ನು ಕೆದಕುತ್ತಿತ್ತು. ಕೆದಕುವುದು ನಿಂತಿತು.

“ಬಂಧು ಬಳಗ ಅಂದ್ರೆ ಯಾರು ಸಾಬ್ರೆ?”

“ನೆಂಟ್ರು, ಇಷ್ಟ್ರು ಎಲ್ಲಾ ಅಮ್ಮಾರೆ.”

“ಮಗಳು ನೆಂಟರಾಗೆ ಬರ್ತಾಳೇನು?”

ಅತ್ತೆ ಉತ್ತರಕ್ಕೆ ಕಾಯಲಿಲ್ಲ. “ದುಃಖತಪ್ತರು ಅಂತ ಐತಲ್ಲ, ಅಲ್ಲಿಂದ ಓದ್ರಿ,” ಎಂದರು. ಸಾಬರು ಓದಿದರು. ಧರ್ಮಪತ್ನಿ ಎನ್ನುವಷ್ಟರಲ್ಲಿ ಅತ್ತೆ ಕೈ ಎತ್ತಿದರು.

“ಅದನ್ನ ಹೊಡೆದುಹಾಕ್ರಿ.”

“ಯಾವುದನ್ನ?”

“ನನ್ನ ಹೆಸ್ರನ್ನ.”

“ಅವ್ವಾ,” ಎಂದಳು ನಾದಿನಿ.

“ಹೆಂಡ್ತಿ ಅಂತ ಯಾರ ಹೆಸ್ರೂ ಬ್ಯಾಡ. ಒಂದು ಹೆಸ್ರು ಹಾಕಿದ್ರೆ ಇನ್ನೊಂದು ಎಲ್ಲಿ ಅಂತ ಜನ ಕೇಳ್ತಾರೆ. ಒಂದೂ ಇಲ್ದಿದ್ರೆ ಕೇಳಾಕೆ ಏನೈತೆ? ಮಕ್ಕಳು ಅಂತ ಹಾಕ್ರಿ. ಎಷ್ಟು ಜನ ಅದಾರೋ ಅಷ್ಟೂ.”

“ನೀವು ಇಲ್ದೆ ಹೆಂಗೆ ಅಮ್ಮಾರೆ, ಚೆನ್ನಾಗಿರಾಕಿಲ್ಲ.”

“ನಾನು ಅದೀನಿ ಅಂತ ಈ ಊರಿಗೆ ಪೇಪರ್‌ನವ್ರು ಹೇಳ್ಬೇಕೇನು? ನಾನು ಆಕಿ ಸಮಕ್ಕೆ ಒಂದು ಸಾಲಿನಾಗೆ ಕೂರಂಗಿಲ್ಲ ಸಾಬ್ರೆ. ಆಕಿನ್ನ ಬಿಟ್ಟು ನಾನೊಬ್ಳೇ ಕೂತು, ಮಗಳನ್ನ ತಾಯಿ ಇಲ್ದಾಕಿ ಹಂಗೆ ನಿಲ್ಸಾದೂ ಬ್ಯಾಡ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. “ಆ ಹುಡುಗಿ ಹೆಸರೇನು?”

ಹೇಳಿದೆ. ಬೆಳಿಗ್ಗೆ ಫೋನಿನಲ್ಲಿ ಕೇಳಿಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲಿ ಆ ಹುಡುಗಿಯ ಹೆಸರು ಕೇಳಿಸಿದ್ದು ಅದೇ ಮೊದಲು. ಅತ್ತೆಯ ಮುಖ ಒಂದು ಥರ ಆಯಿತು.

“ನಮ್ಮತ್ತೆ ಹೆಸ್ರನ್ನೇ ಇಟ್ಟಾರೆ,” ಎಂದರು. ಯಾರಿಗೂ ಹೇಳಿದ್ದಲ್ಲ ಅದು. ಸಾಬರು ಬರೆದುಕೊಂಡರು. ಟೀ ಕುಡಿಯದೆ ಹೊರಟರು.

ಸಾಬರ ಸ್ಕೂಟರ್ ಸದ್ದು ಅಡಗುವ ಮೊದಲೇ ಮೈದುನ ಬೈಕ್ ತೆಗೆದ. ಎಲ್ಲಿಗೆ ಎಂದು ಕೇಳುವ ಅಗತ್ಯ ಇರಲಿಲ್ಲ. ನಾನು ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ದೀಪ ಹಚ್ಚುವ ಹೊತ್ತಿಗೆ ಅವನು ವಾಪಸು ಬಂದು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತ.

“ಅವ್ವಾ, ನಾನು ಹೇಳಿದ್ರೆ ಸಾಬ ಕೇಳಾಕಿಲ್ಲ ಅಂತಾನೆ. ಓದಿ ಹೇಳಿದ ಮ್ಯಾಲೆ ಬದಲಾಯ್ಸಾದಿಲ್ಲ, ಬೇಕಾದ್ರೆ ಅಮ್ಮಾರು ಫೋನ್ ಮಾಡ್ಲಿ ಅಂತಾನೆ. ಒಂದು ಫೋನ್ ಮಾಡು.”

“ನಂಗೆ ಫೋನ್ ಹಚ್ಚಾಕೆ ಬರಾದಿಲ್ಲಪ್ಪ.”

ದಿನಾ ಮಧ್ಯಾಹ್ನ ಊಟ ಆದ ಮೇಲೆ ತಂಗಿಗೆ ಫೋನ್ ಹಚ್ಚಿ ಗಂಟೆಗಟ್ಟಲೆ ಮಾತಾಡುವವರು ಅವರು.

“ನಾ ಹಚ್ಚಿ ಕೊಡ್ತೀನಿ. ನೀನು ಮಾತಾಡು.”

“ಕಿವಿ ಸರಿ ಕೇಳ್ಸಾದಿಲ್ಲ.”

“ಅವ್ವಾ, ತಮಾಷೆ ಮಾಡ್ಬ್ಯಾಡ. ನಾಳೆ ನಾಲ್ಕು ಎಕರೆನಾಗೆ ಪಾಲು ಕೇಳ್ಕಂಡು ಬಂದ್ರೆ ಏನು ಮಾಡ್ತೀಯ?”

“ಪಾಲು ಬೇಕು ಅನ್ನಾಕಿಗೆ ಪೇಪರ್ ಬೇಕೇನೋ? ಹುಟ್ಟಿದ್ದು ಸಾಲಾದಿಲ್ಲೇನು? ಹೋಗು, ಮುಖ ತೊಳ್ಕಂಡು ವಿಭೂತಿ ಹಚ್ಕ.”

ಅವನು ಎದ್ದು ಹೊರಗೆ ಹೋದ. ಊಟದ ಹೊತ್ತಿಗೆ ಬಂದರೂ ಯಾರ ಹತ್ತಿರವೂ ಮಾತಾಡಲಿಲ್ಲ. ಮತ್ತೆ ಪ್ರೆಸ್ಸಿಗೆ ಹೋಗಿದ್ದನೋ, ಬೇರೆ ಯಾರ ಕೈಯಲ್ಲಾದರೂ ಸಾಬರಿಗೆ ಹೇಳಿಸಿದನೋ ತಿಳಿಯಲಿಲ್ಲ. ಸಾಬರು ಗಟ್ಟಿ ಮನುಷ್ಯರೇ. ಆದರೆ ಅವರೂ ಇದೇ ಊರಿನಲ್ಲಿ ಬಾಳಬೇಕಾದವರು.

ಬೆಳಿಗ್ಗೆ ನಾನು ಪೇಪರಿಗೆ ಕಾದ ಹಾಗೆ ನನ್ನ ಮಗಳ ಪರೀಕ್ಷೆಯ ಫಲಿತಾಂಶಕ್ಕೂ ಕಾದಿರಲಿಲ್ಲ. ಬಾಗಿಲಿಗೆ ನೀರು ಹಾಕುವ ನೆಪ ಆಯಿತು, ಹೂವು ಕೊಯ್ಯುವ ನೆಪ ಆಯಿತು. ಸಾವಿನ ಮನೆಯಲ್ಲಿ ರಂಗೋಲಿ ಇಡುವಂತಿಲ್ಲ, ಆ ನೆಪ ಇರಲಿಲ್ಲ. ಪೇಪರ್ ಹಾಕುವವನು ಟಿವಿಎಸ್ಸಿನಲ್ಲಿ ಬಂದು ಗೇಟಿನ ಮೇಲಿಂದ ಎಸೆದ. ಒದ್ದೆ ನೆಲಕ್ಕೆ ಬಿತ್ತು. ಎತ್ತಿಕೊಂಡು ಸೆರಗಿನಲ್ಲಿ ಒರೆಸಿ ಕೊನೆಯ ಪುಟ ತೆಗೆದೆ.

ಪೇಟದ ಫೋಟೊ. ಅದರ ಕೆಳಗೆ ಸಾಬರು ಓದಿದ ಮಾತುಗಳೇ. ದುಃಖತಪ್ತರು ಎಂದು ಇತ್ತು, ಧರ್ಮಪತ್ನಿ ಇರಲಿಲ್ಲ. ಮಕ್ಕಳು. ನನ್ನ ಮನೆಯವರು, ಮೈದುನ, ನಾದಿನಿ. ಅಲ್ಲಿ ಪೇಪರು ಒದ್ದೆಯಾಗಿ ಮಡಚಿಕೊಂಡಿತ್ತು. ಬೆರಳಿನಲ್ಲಿ ಬಿಡಿಸಿದೆ. ನಾಲ್ಕನೆಯ ಹೆಸರು ಇತ್ತು. ಆಮೇಲೆ ಸೊಸೆಯಂದಿರು ಎಂದು ನಮ್ಮ ಹೆಸರು.

ಶಿವನೇ ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಇಷ್ಟು ಕರುಣೆ ತೋರಿದೆಯಲ್ಲ, ಇನ್ನೂ ಬೇಡಿದರೆ ಆಸೆಬುರುಕಿ ಅನ್ನುತ್ತೀಯ ಎಂದುಕೊಂಡೆ. ಹೆಸರು ಬಂತು, ಸರಿ. ಓದಬೇಕಾದವರು ಓದಿ ಏನೆನ್ನುತ್ತಾರೆ?

ಎಂಟು ಗಂಟೆಯಿಂದ ಫೋನ್ ಶುರುವಾಯಿತು. ನಾವು ಯಾರೂ ಎಣಿಸಿರದ ಒಂದು ತಾಪತ್ರಯ. ಹೆಂಡತಿಯ ಹೆಸರು ಇಲ್ಲದ್ದನ್ನು ನೋಡಿದ ದೂರದ ನೆಂಟರು ಅತ್ತೆ ಮೊದಲೇ ತೀರಿಕೊಂಡಿದ್ದಾರೆ ಎಂದು ತಿಳಿದಿದ್ದರು. ಬಂದಳಿಕೆಯಿಂದ ಅತ್ತೆಯ ಕಡೆಯ ಒಬ್ಬ ಮುದುಕಿ ಫೋನಿನಲ್ಲೇ ಅಳತೊಡಗಿದರು. “ನಿಮ್ಮತ್ತೆ ಹೋಗಿದ್ದು ಒಂದು ಮಾತು ತಿಳಿಸ್ಲಿಲ್ಲಲ್ಲವ್ವ, ಅಷ್ಟೂ ಬ್ಯಾಡಾದ್ವೇನು ನಾವು.” ನಾನು ಏನು ಹೇಳಲಿ ಎಂದು ತಡವರಿಸುವಾಗ ಅತ್ತೆ ಕೈ ಚಾಚಿ ಫೋನ್ ಇಸಿದುಕೊಂಡರು.

“ಹೋದಾಕೀನೇ ಮಾತಾಡ್ತಿದೀನಿ ಕಣೇ. ಹೇಳು, ಅಲ್ಲಿ ಮಳೆ ಆತೇನು?”

ಅವತ್ತು ಆ ಮನೆಯಲ್ಲಿ ಮೊದಲ ಸಲ ಯಾರೋ ನಕ್ಕರು. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ನಗಲಿಲ್ಲ. ಆಮೇಲೆ ಪೇಪರನ್ನು ಕೇಳಿ ತೆಗೆದುಕೊಂಡು ಫೋಟೊ ನೋಡಿದರು. ಕೆಳಗಿನ ಸಾಲುಗಳನ್ನು ನೋಡಿದರೋ ಇಲ್ಲವೋ. ಮಡಚಿ ಪಕ್ಕಕ್ಕಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದರು. ಮಧ್ಯಾಹ್ನ ಅನ್ನ ಮುಟ್ಟಲಿಲ್ಲ. ಧರ್ಮಪತ್ನಿ ಎನ್ನುವುದು ಪೇಪರಿನಲ್ಲಿ ಅವರಿಗೆ ಬರಬಹುದಾಗಿದ್ದುದು ಒಂದೇ ಸಲ. ಬಿಟ್ಟುಕೊಟ್ಟದ್ದು ಹಗುರದ್ದೇನಲ್ಲ ಎಂದು ಆಗ ನನಗೆ ತಿಳಿಯಿತು. ಕಾಲು ಒತ್ತಿದೆ. ಬೇಡ ಎನ್ನಲಿಲ್ಲ.

ಆರಾಧನೆಯ ಹಿಂದಿನ ದಿನ ಸೊರಬದಿಂದ ಮತ್ತೆ ಫೋನ್ ಬಂತು. “ಹುಡುಗನ ದೊಡ್ಡಪ್ಪ ನಾಳೆ ಅಲ್ಲಿಗೆ ಬರ್ತಾರಂತೆ ಅಕ್ಕಾ. ಪೇಪರ್ ನೋಡಿದಾರೆ, ಹೌದೋ ಅಲ್ವೋ ನಾನೇ ನೋಡ್ತೀನಿ ಅಂದ್ರಂತೆ. ಬಿಳಿ ಟೋಪಿ ಹಾಕ್ತಾರೆ, ಎತ್ತರದ ಆಳು. ಇವಳನ್ನ ಕಳಿಸ್ಲಾ? ನಾನು ಬರೂದಿಲ್ಲ.”

“ಪೇಪರ್‌ನಾಗೆ ಬಂದ ಮ್ಯಾಲೆ ಕಳಿಸ್ಲಾ ಅಂತ ಯಾಕೆ ಕೇಳ್ತೀರಿ? ಅದೇ ಕರೆ,” ಎಂದೆ. ಧೈರ್ಯವಾಗಿಯೇ ಹೇಳಿದೆ. ಇಟ್ಟ ಮೇಲೆ ಯೋಚನೆ ಹತ್ತಿತು. ಹೆಸರು ಹಾಕಿಸುವುದು ಬೇರೆ, ಹೊಸಿಲು ದಾಟಿಸುವುದು ಬೇರೆ.

ಆರಾಧನೆಯ ದಿನ ಅಂಗಳಕ್ಕೆ ಶಾಮಿಯಾನ ಹಾಕಿಸಿದ್ದೆವು. ಅಯ್ಯನವರ ಪಾದಪೂಜೆ ಆಯಿತು, ಜಂಗಮರ ಊಟ ಆಯಿತು. ಗೋಧಿ ಹುಗ್ಗಿ ಹದವಾಗಿ ಬಂದಿತ್ತು, ಮಳೆ ಬಿಡುವು ಕೊಟ್ಟಿತ್ತು. ನನಗೆ ಎರಡರ ಸಂತೋಷವೂ ಇರಲಿಲ್ಲ. ಕಣ್ಣು ಗೇಟಿನ ಕಡೆ. ಬಿಳಿ ಟೋಪಿ ಹಾಕಿದವರು ನಮ್ಮ ಕಡೆ ನೂರಾರು ಜನ. ಯಾವ ಟೋಪಿ ಒಳಗೆ ಬಂದರೂ ಹಾಕಿದವರ ಎತ್ತರ ನೋಡುತ್ತಿದ್ದೆ.

ಹುಡುಗಿ ಒಬ್ಬಳೇ ಬಂದಳು, ಸೊರಬದ ಬಸ್ಸಿಗೆ. ತಿಳಿ ಬಣ್ಣದ ಚೂಡಿದಾರ, ಹಣೆಯಲ್ಲಿ ವಿಭೂತಿ. ಮಾವನವರ ಫೋಟೊದ ಮುಂದೆ ಹೂವು ಹಾಕಿ ನಮಸ್ಕಾರ ಮಾಡಿದಳು. ಎದ್ದು ನಿಂತಾಗ ಎಲ್ಲಿಗೆ ಹೋಗಬೇಕೆಂದು ತೋಚದೆ ಹೆಂಗಸರ ಪಂಕ್ತಿಯ ತುದಿಯಲ್ಲಿ ಹೋಗಿ ಕೂತಳು. ನೆಂಟರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಅವಳ ಹತ್ತಿರ ಹೋಗಬೇಕು ಎನ್ನುವಾಗಲೇ ಎತ್ತರದ ಒಬ್ಬರು ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ ಗಂಡಸರ ಸಾಲಿನಲ್ಲಿ ಕೂತದ್ದು ಕಂಡಿತು. ಜೊತೆಗೆ ಇನ್ನೊಬ್ಬರು. ಅವರು ಎಲೆ ನೋಡುತ್ತಿರಲಿಲ್ಲ. ಹೆಂಗಸರ ಸಾಲಿನ ತುದಿ ನೋಡುತ್ತಿದ್ದರು. ಅಲ್ಲಿ ಹುಡುಗಿ ಎಲ್ಲ ನೆಂಟರ ಹಾಗೆ ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು. ಇವಳು ಈ ಮನೆಗೆ ಬರೀ ನೆಂಟಳು ಎಂಬ ಲೆಕ್ಕ ಹಿಡಿದುಕೊಂಡು ಎದ್ದು ಹೋಗುತ್ತಾರೆ ಎಂದುಕೊಂಡೆ.

ಒಳಗಿನ ಬಾಗಿಲಲ್ಲಿ ಕೂತಿದ್ದ ಅತ್ತೆ ನನ್ನನ್ನು ಕರೆದರು. ದನಿಯಲ್ಲಿ ಸಿಟ್ಟಿತ್ತು.

“ನೋಡಲ್ಲಿ, ನೆಂಟರಂಗೆ ಸಾಲಿನಾಗೆ ಕೂತಾಳೆ. ಮನೀ ಹೆಣ್ಮಕ್ಕಳು ಎಲ್ಲಾರೂ ಬಡಿಸಾದು ಕಾಣಾದಿಲ್ಲೇನು ಆಕೀಗೆ? ವೇಲು ಸೊಂಟಕ್ಕೆ ಕಟ್ಕಂಡು ತುಪ್ಪ ಬಡಿಸಾಕೆ ಹೇಳು.”

ನಾನು ಓಡಲಿಲ್ಲ, ಓಡಿದ ಹಾಗೆ ನಡೆದೆ. ಕಿವಿಯಲ್ಲಿ ಹೇಳಿದೆ. ಹುಡುಗಿ ನನ್ನ ಮುಖ ನೋಡಿದಳು, ಬಾಗಿಲಲ್ಲಿದ್ದ ಅತ್ತೆಯನ್ನು ನೋಡಿದಳು. ಎದ್ದು ವೇಲು ಬಿಗಿದಳು. ತುಪ್ಪದ ಪಾತ್ರೆ ಮೈದುನನ ಕೈಯಲ್ಲಿತ್ತು. ಅವನು ಅವಳನ್ನು ನೋಡದೆ ಪಾತ್ರೆ ಚಾಚಿದ.

“ಈ ಸಾಲಿಗೆ ಹಾಕಿ ಆಗೈತೆ. ಆ ಕಡೆಯಿಂದ ಶುರು ಮಾಡು. ಜಾಸ್ತಿ ಹಾಕಬ್ಯಾಡ, ಇನ್ನಾ ಎರಡು ಪಂಕ್ತಿ ಐತೆ.”

ಇಷ್ಟು ಮಾತನ್ನು ಅವನು ನನ್ನ ಹತ್ತಿರ ಅಷ್ಟು ದಿನಗಳಲ್ಲಿ ಆಡಿರಲಿಲ್ಲ. ಅವಳು ಆ ಕಡೆಯಿಂದ ಶುರು ಮಾಡಿದಳು. ಬಿಳಿ ಟೋಪಿಯವರ ಎಲೆಯ ಮುಂದೆ ಬಗ್ಗಿದಳು. ಅವರು ತುಪ್ಪ ಹಾಕಿಸಿಕೊಂಡು, ಸಾಕು ಎಂದು ಅಂಗೈ ಅಡ್ಡ ಇಟ್ಟು, ಹುಗ್ಗಿ ಕಲಸಿ ತಿಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಊಟಕ್ಕೆ ಅವರು ತೆಗೆದುಕೊಂಡ ಹೊತ್ತು ನನಗೆ ಒಂದು ವರ್ಷ.

ಕೈ ತೊಳೆದುಕೊಂಡು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತ ಅವರು ನೇರ ಅತ್ತೆಯ ಹತ್ತಿರ ಬಂದರು. ನಾನು ನೀರಿನ ಚೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

“ಶರಣ್ರೀ ಅಮ್ಮಾ. ನಾವು ಆನವಟ್ಟಿಯವ್ರು. ತುಪ್ಪ ಬಡಿಸಿದ್ರಲ್ಲ, ಆ ಹುಡುಗಿ ನಿಮಗೆ ಏನಾಗ್ಬೇಕು?”

ಅತ್ತೆ ಒಂದು ಸಲ ಹುಡುಗಿಯ ಕಡೆ ನೋಡಿದರು. ಅವಳು ಎರಡನೆಯ ಪಂಕ್ತಿಯ ಎಲೆ ಹಾಸುತ್ತಿದ್ದಳು.

“ಪೇಪರ್‌ನಾಗೆ ಹಾಕೀವಲ್ರೀ. ನೋಡ್ಲಿಲ್ಲೇನು?”

“ನೋಡೀವಿ. ನೋಡೇ ಬಂದೀವಿ.” ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಹಂಗಾದ್ರೆ ದೀಪಾವಳಿ ಕಳೀಲಿ. ಮಾತಾಡಾಕೆ ಬರ್ತೀವಿ. ಒಂದು ಕೇಳ್ಬೇಕಿತ್ತು. ಇಲ್ಲಿಗೆ ಬರ್ಬೇಕೋ, ಸೊರಬಕ್ಕೆ ಹೋಗ್ಬೇಕೋ?”

ನನ್ನ ಕೈಯಲ್ಲಿದ್ದ ಚೊಂಬಿನಿಂದ ನೀರು ಕಾಲ ಮೇಲೆ ಸುರಿಯುತ್ತಿದ್ದುದು ಗೊತ್ತಾದದ್ದು ಆಮೇಲೆ. ಅತ್ತೆ ಮೊಣಕಾಲಿಗೆ ಕೈ ಊರಿ ನಿಧಾನವಾಗಿ ಎದ್ದರು.

“ತಾಯಿ ಎಲ್ಲದಾಳೋ ಅಲ್ಲಿಗೆ ಹೋಗ್ರಿ,” ಎಂದರು. “ಹೋಗಾ ಮುಂದೆ ನಮ್ಮ ದೊಡ್ಡ ಮಗಗೊಂದು ಮಾತು ಹೇಳ್ರಿ. ಅಣ್ಣ ಅಂತ ಅವನು ಬರ್ತಾನೆ.”